ಬುದ್ಧಿಯ ಅಳತೆ, ಬಾಳಿನ ಅಳತೆ

ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಮನೆಮನೆಯಲ್ಲಿಯೂ ಒಂದು ತೀರ್ಪು ಹೊರಬೀಳುತ್ತದೆ. ಇವನು ಜಾಣ, ಅವನು ದಡ್ಡ; ಇವಳು ಮುಂದೆ ಬರುತ್ತಾಳೆ, ಅವಳ ವಿಷಯ ಹೇಳಲಾಗದು. ದೊಡ್ಡವರು ಆಡಿ ಮರೆತ ಈ ಮಾತು ಮಕ್ಕಳ ಕಿವಿಯಲ್ಲಿ ಬಹುಕಾಲ ಉಳಿಯುತ್ತದೆ. ಆದರೆ ಬಾಲ್ಯದ ಜಾಣತನವನ್ನು ಅಳೆದು ಮುಂದಿನ ಬಾಳನ್ನು ಹೇಳಲು ಬರುವುದೆ? ಇದಕ್ಕೆ ಉತ್ತರ ಹುಡುಕಲೆಂದು ಅಮೆರಿಕದ ವಿದ್ವಾಂಸರೊಬ್ಬರು ತಮ್ಮ ಆಯುಷ್ಯದ ಮೂವತ್ತೈದು ವರ್ಷಗಳನ್ನು ಸವೆಸಿದರು.

ಅವರು ಲೂಯಿಸ್ ಟರ್ಮನ್, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರಚಿಸಿದ್ದ ಬುದ್ಧಿಪರೀಕ್ಷೆಯನ್ನು ತಿದ್ದಿ ಬೆಳೆಸಿ, 1916ರಲ್ಲಿ ಹೊಸ ರೂಪದಲ್ಲಿ ಪ್ರಕಟಿಸಿದವರು. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದು ಬಿನೆಯ ಉದ್ದೇಶವಾಗಿತ್ತು. ಟರ್ಮನ್ನರ ಕಣ್ಣು ಮುಂದಿದ್ದವರ ಮೇಲೆ. 1921ರಲ್ಲಿ ಆರಂಭವಾದ ಈ ಅಧ್ಯಯನಕ್ಕೆ, ಉಪಾಧ್ಯಾಯರಿಂದ ಚುರುಕು ಮಕ್ಕಳ ಹೆಸರು ಪಡೆದು ಪರೀಕ್ಷಿಸಿ, ಒಂದೂವರೆ ಸಾವಿರಕ್ಕೂ ಹೆಚ್ಚು ಬಾಲಕ ಬಾಲಕಿಯರನ್ನು ಅವರು ಆರಿಸಿಕೊಂಡರು. ಸರಾಸರಿ ಬುದ್ಧ್ಯಂಕ 100 ಎಂದಿಟ್ಟುಕೊಂಡರೆ ಈ ಮಕ್ಕಳದು ಸಾಮಾನ್ಯವಾಗಿ 135ಕ್ಕೂ ಮೇಲೆ. ಟರ್ಮನ್ನರ ಹೆಸರಿನೊಡನೆ ಶ್ಲೇಷೆ ಮಾಡಿ ಇವರನ್ನು ‘ಟರ್ಮೈಟ್’ ಎಂದು ಕರೆಯುವುದು ರೂಢಿಯಾಯಿತು. ಇಂಗ್ಲಿಷಿನಲ್ಲಿ ಆ ಮಾತಿಗೆ ಗೆದ್ದಲು ಎಂದರ್ಥ!

ಈ ಗೆದ್ದಲುಗಳಲ್ಲಿ ಅನೇಕರು ಪ್ರಾಧ್ಯಾಪಕರೂ ವಕೀಲರೂ ವೈದ್ಯರೂ ಆದರು. ಕೆಲವರಿಗೆ ಟರ್ಮನ್ ತಾವೇ ಶಿಫಾರಸು ಪತ್ರ ಬರೆದುಕೊಟ್ಟದ್ದೂ ಉಂಟು. ಪರೀಕ್ಷಕನೇ ಉತ್ತರ ಹೇಳಿಕೊಟ್ಟಂತಾಯಿತು ಎಂದರೆ ತಪ್ಪಾಗದು. ಆದರೂ ಆ ಗುಂಪಿನ ಒಬ್ಬರಿಗೂ ನೊಬೆಲ್ ಬಹುಮಾನ ಬರಲಿಲ್ಲ. ಬಂದದ್ದು, ಅದೇ ಜರಡಿಯಿಂದ ಕೆಳಗೆ ಬಿದ್ದಿದ್ದ ಇಬ್ಬರು ಹುಡುಗರಿಗೆ. ಬುದ್ಧ್ಯಂಕ ಸಾಲದೆಂದು ಪಟ್ಟಿಗೆ ಸೇರದೆ ಹೋದ ವಿಲಿಯಂ ಶಾಕ್ಲಿ, ಟ್ರಾನ್ಸಿಸ್ಟರಿನ ಕೆಲಸಕ್ಕಾಗಿ 1956ರಲ್ಲಿ ಭೌತಶಾಸ್ತ್ರದ ಬಹುಮಾನದಲ್ಲಿ ಪಾಲು ಪಡೆದರು. ಹಾಗೆಯೇ ಹೊರಗುಳಿದ ಲೂಯಿಸ್ ಆಲ್ವರೆಜ್ 1968ರಲ್ಲಿ ಅದೇ ಶಾಸ್ತ್ರದ ಬಹುಮಾನ ಪಡೆದರು.

ಇದಕ್ಕಿಂತಲೂ ವಿಚಾರ ಮಾಡತಕ್ಕ ಸಂಗತಿ ಗುಂಪಿನ ಒಳಗೇ ಇತ್ತು. 1940ರ ಸುಮಾರಿಗೆ, ತಮ್ಮ ಬುದ್ಧಿಯನ್ನು ಚೆನ್ನಾಗಿ ದುಡಿಸಿಕೊಂಡಿದ್ದ 150 ಮಂದಿ ಗಂಡಸರನ್ನೂ ತೀರ ಹಿಂದುಳಿದಿದ್ದ 150 ಮಂದಿಯನ್ನೂ ಟರ್ಮನ್ ಎದುರುಬದುರು ನಿಲ್ಲಿಸಿ ನೋಡಿದರು. (ಹೆಂಗಸರನ್ನು ಈ ಹೋಲಿಕೆಗೆ ತೆಗೆದುಕೊಳ್ಳಲಿಲ್ಲ. ಅವರಲ್ಲಿ ಬಹುಮಂದಿಗೆ ಗೃಹಕೃತ್ಯವೇ ಉದ್ಯೋಗವಾಗಿತ್ತು. ಅಷ್ಟು ಬುದ್ಧಿವಂತೆಯರಿಗೂ ಆ ಕಾಲ ತೆರೆದಿಟ್ಟ ಬಾಗಿಲುಗಳು ಕೆಲವೇ.) ಎರಡು ಪಂಗಡಗಳ ಬುದ್ಧ್ಯಂಕದಲ್ಲಿ ಇದ್ದ ಅಂತರ ಅತ್ಯಲ್ಪ. ಪ್ರಾಥಮಿಕ ಶಾಲೆಯಲ್ಲಿ ಇಬ್ಬರೂ ಸರಿಸಮವಾಗಿಯೇ ಓದಿದ್ದರು. ಪ್ರೌಢಶಾಲೆಯಲ್ಲಿ ದಾರಿ ಕವಲೊಡೆಯಿತು. ಮುಂದೆ ಬಂದವರಲ್ಲಿ ಎದ್ದುಕಂಡದ್ದು, ಹಿಡಿದ ಕೆಲಸವನ್ನು ಮುಗಿಸಿಯೇ ಬಿಡುವ ಛಲ, ಗೊತ್ತಾದ ಒಂದು ಗುರಿಯತ್ತ ಮನಸ್ಸನ್ನೆಲ್ಲ ಕೂಡಿಸುವ ಶಕ್ತಿ, ಆತ್ಮವಿಶ್ವಾಸ. ಹಿಂದುಳಿದವರಲ್ಲಿ ಗುಮಾಸ್ತಿಕೆಗೋ ಅಂಗಡಿಯ ವ್ಯಾಪಾರಕ್ಕೋ ನಿಂತವರಿದ್ದರು. ಅವರ ಬುದ್ಧಿ ಮಂಕಾಗಿರಲಿಲ್ಲ. ನೆಲೆ ಸಿಕ್ಕದೆ ಹರಿದುಹೋಗಿತ್ತು.

ಇಲ್ಲಿಗೆ ನಿಲ್ಲಿಸಿ, ಎಲ್ಲವೂ ಏಕಾಗ್ರತೆಯ ಮಹಿಮೆ ಎಂದುಬಿಡುವುದು ಸುಲಭ. ಆದರೆ ಟರ್ಮನ್ನರ ಲೆಕ್ಕದಲ್ಲಿ ಇನ್ನೊಂದು ಅಂಶವೂ ಇದೆ: ಮುಂದೆ ಬಂದವರ ತಂದೆಯರಲ್ಲಿ ಕಾಲೇಜು ಓದಿದವರು ಹೆಚ್ಚು. ಮನಸ್ಸು ಒಂದೆಡೆ ನಿಲ್ಲಬೇಕಾದರೆ ಮನೆಯೂ ಸ್ವಲ್ಪ ನೆಟ್ಟಗಿರಬೇಕು. ಹಾಗಿಲ್ಲದಾಗ ಆಗುವುದೇನು ಎಂಬುದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಇದ್ದಾರೆ.

ಅವರಲ್ಲಿ ಬುದ್ಧಿಗೂ ಕೊರತೆಯಿರಲಿಲ್ಲ, ಏಕಾಗ್ರತೆಗೂ ಇರಲಿಲ್ಲ. ಇದ್ದ ತೊಂದರೆಯೆಂದರೆ ಆ ಏಕಾಗ್ರತೆಯೇ. 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕಾಲೇಜು ಸೇರಿದ ಹುಡುಗ ಗಣಿತವೊಂದನ್ನುಳಿದು ಬೇರೆ ಪುಸ್ತಕ ಮುಟ್ಟಲಿಲ್ಲ, ವೇತನ ನಿಂತಿತು. ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರೂ ಎಫ್.ಎ. ದಾಟಲಾಗಲಿಲ್ಲ. ಕಾಗದ ಕೊಳ್ಳಲು ಕಾಸಿಲ್ಲದೆ ಸ್ಲೇಟಿನ ಮೇಲೆ ಬರೆದು, ಮೊಳಕೈಯಿಂದ ಒರಸಿ, ಫಲಿತಾಂಶವನ್ನಷ್ಟೇ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರರಾಯರು ಕೆಲಕಾಲ ತಮ್ಮ ಕೈಯಿಂದ ತಿಂಗಳ ಖರ್ಚಿಗೆ ಕೊಟ್ಟರು. 1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತಿಕೆ ದೊರೆಯಿತು. ಅಲ್ಲಿಯ ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರಾಗಿದ್ದುದು ಪುಣ್ಯ.

ಮರುವರ್ಷದ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಹಾರ್ಡಿಯವರಿಗೆ ಪತ್ರ ಬರೆದರು. ಮುಂದೆ ಐದೇ ವರ್ಷಗಳಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಲಿದ್ದ ಆ ವ್ಯಕ್ತಿ, ಪತ್ರದ ಮೊದಲ ಸಾಲಿನಲ್ಲಿ ತಮ್ಮನ್ನು ಗಣಿತಜ್ಞನೆಂದು ಹೇಳಿಕೊಳ್ಳಲಿಲ್ಲ. ವರ್ಷಕ್ಕೆ 20 ಪೌಂಡು ಸಂಬಳದ ಗುಮಾಸ್ತನೆಂದೇ ಪರಿಚಯ ಮಾಡಿಕೊಂಡಿದ್ದರು.