ಚಂಡಮಾರುತದ ಬಲವನ್ನು ಅಳೆಯುವ ಬಗೆ



ನಿಡಘಟ್ಟದ ಸುತ್ತಣ ಹೊಲಗಳಲ್ಲಿ ರಾಗಿಯ ಕೊಯ್ಲು ನಡೆಯುವ ಕಾರ್ತಿಕ, ಮಾರ್ಗಶಿರ ಮಾಸಗಳೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಕಾಲವೂ ಆಗಿವೆ. ಇವುಗಳ ಬಲವನ್ನು ಅಳೆಯುವುದು ಹೇಗೆ?

ಮೂರು ನಿಮಿಷಗಳ ಸರಾಸರಿ ಗಾಳಿಯ ವೇಗವೇ ನಮ್ಮ ದೇಶದ ಹವಾಮಾನ ಇಲಾಖೆಯ ಅಳತೆಗೋಲು. ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ವಾಯುಭಾರ ಕುಸಿತ. 62 ಆದರೆ ಚಂಡಮಾರುತ. 221 ಆದರೆ ಮಹಾ ಚಂಡಮಾರುತ. 1999ರಲ್ಲಿ ಒಡಿಶಾವನ್ನು ಹಾಳುಗೆಡವಿದುದು ಈ ಕಡೆಯ ವರ್ಗದ್ದು. ವೇಗವು ಇಮ್ಮಡಿಯಾದರೆ ಗಾಳಿಯ ಒತ್ತಡವು ನಾಲ್ಮಡಿಯಾಗುತ್ತದೆ. ನಡುಗಡಲಿನಲ್ಲಿ ಯಂತ್ರಗಳು ವಿರಳವಾದುದರಿಂದ, ಉಪಗ್ರಹದ ಚಿತ್ರಗಳಲ್ಲಿ ಮೋಡದ ಸುರುಳಿಯನ್ನು ಪರಿಶೀಲಿಸಿ ವೇಗವನ್ನು ಅಂದಾಜು ಮಾಡುವರು.

ಆದರೆ ಈ ಅಳತೆಯಲ್ಲಿ ಮಳೆಗೆ ಲೆಕ್ಕವಿಲ್ಲ. ಕರಾವಳಿಯನ್ನು ದಾಟಿದ ಮಾರುತವು ನೆಲದ ಮೇಲೆ ಬಲಗುಂದುವುದು ನಿಜ. ಅದರ ಮೋಡಗಳು ಮಾತ್ರ ನಮ್ಮ ಸೀಮೆಯವರೆಗೂ ಬಂದು ಸುರಿಯಬಹುದು. ಆದುದರಿಂದ ‘ಚಂಡಮಾರುತ ದುರ್ಬಲವಾಯಿತು’ ಎಂಬ ವಾರ್ತೆಯೊಂದನ್ನೇ ನಂಬಿ ಕೊಯ್ದ ರಾಗಿಯನ್ನು ಹೊಲದಲ್ಲಿ ಬಿಡಲಾಗದು. ಮಳೆಯ ಮುನ್ಸೂಚನೆಯನ್ನೂ ಕೇಳಿ, ಸಕಾಲದಲ್ಲಿ ಮೆದೆ ಒಟ್ಟಿಕೊಂಡವನ ಮನೆಯಲ್ಲಿ ವರ್ಷದ ಹಿಟ್ಟು ಉಳಿದೀತು.