ಏರುವ ನೀರು, ಇಳಿಯುವ ನೀರು

ಮಳೆಗಾಲದ ಹೊಸ್ತಿಲಲ್ಲಿ ಗುಡುಗು ಮೊಳಗಿ ಮಂಗಳೂರಿನ ಬಲ್ಮಠದ ಗುಡ್ಡದ ಮನೆಗಳಲ್ಲಿ ದೀಪವಾರಿದೊಡನೆ, ‘ಕರೆಂಟು ಹೋಯಿತು, ನಲ್ಲಿ ಬಿಡಬೇಡಿ, ಫ್ಲಶ್ ಮಾಡಬೇಡಿ’ ಎಂಬ ಕೂಗು ಒಳಮನೆಯಿಂದ ಕೇಳಿಬರುವುದುಂಟು. ಆ ಮಾತನ್ನು ನಂಬಿ ಮಕ್ಕಳೂ ವೃದ್ಧರೂ ದೇಹಬಾಧೆಯನ್ನು ಗಂಟೆಗಟ್ಟಲೆ ಅದುಮಿಕೊಂಡು ಕುಳಿತಿರುವುದನ್ನು ಕಂಡು ನನ್ನ ಮನಸ್ಸು ನೊಂದಿದೆ. ಆ ಸಂಕಟಕ್ಕೆ ಕಾರಣವೇ ಇಲ್ಲ.

ನೀರಿಗೆ ವಿದ್ಯುಚ್ಛಕ್ತಿ ಬೇಕಾದುದು ಏರುವುದಕ್ಕೆ ಹೊರತು ಇಳಿಯುವುದಕ್ಕಲ್ಲ. ನೇತ್ರಾವತಿಯ ನೀರು ತುಂಬೆಯಿಂದ ಬೆಂದೂರಿಗೆ ಬರಬೇಕಾದರೂ, ಮನೆಯ ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ ಹತ್ತಬೇಕಾದರೂ ಪಂಪು ತಿರುಗಲೇಬೇಕು. ಆದರೆ ಒಮ್ಮೆ ಮಾಳಿಗೆಯನ್ನು ಸೇರಿದ ನೀರನ್ನು ನಲ್ಲಿಗೆ ತರುವುದು ಭೂಮಿಯ ಆಕರ್ಷಣೆಯೊಂದೇ. 1000 ಲೀಟರಿನ ಟ್ಯಾಂಕು ತುಂಬಿದ್ದರೆ, ತಲೆಗೆ ದಿನಕ್ಕೆ 100 ಲೀಟರಿನಂತೆ ಬಳಸಿದರೂ ಐವರ ಸಂಸಾರಕ್ಕೆ ಎರಡು ದಿನ ಸಾಲುತ್ತದೆ. ಹೆಂಚಿನ ಮನೆಯ ಹಿತ್ತಲಲ್ಲಿ ರಾಟೆಗೆ ಹಗ್ಗ ಹಾಕಿ ಕೊಡಪಾನ ಸೇದುತ್ತಿದ್ದ ಹಿರಿಯರಿಗೆ ಈ ಭ್ರಮೆಯುಂಟಾಗಲು ಆಸ್ಪದವೇ ಇರಲಿಲ್ಲ. ಏರಿಸುವ ಶ್ರಮವೆಷ್ಟೆಂಬುದನ್ನು ಅವರ ತೋಳುಗಳೇ ಅರಿತಿದ್ದವು.

ಫ್ಲಶ್ಶಿನ ತೊಟ್ಟಿಯೊಳಗೆ ಇರುವುದು ತೇಲುವ ಗುಂಡು, ಸನ್ನೆ, ಮುಚ್ಚಳ, ಇಷ್ಟೇ. ಟ್ಯಾಂಕು ಬರಿದಾಗಿದ್ದರೂ ಚಿಂತೆಯಿಲ್ಲ: ಒಂದು ಬಕೆಟ್ಟು ನೀರನ್ನು ಚೊಂಬು ಚೊಂಬಾಗಿ ಸುರಿಯದೆ ಒಮ್ಮೆಲೇ ರಭಸದಿಂದ ಹೊಯ್ದರೆ, ಬಾಗಿದ ಕೊಳವೆ ಪೂರ್ಣವಾಗಿ ತುಂಬಿ, ಹೀರುವ ಗತಿಯುಂಟಾಗಿ, ಎಲ್ಲವೂ ಕೊಚ್ಚಿಹೋಗುತ್ತದೆ. ಮಲಿನಜಲವನ್ನು ಪಂಪಿನಿಂದಲೇ ಮೇಲೆತ್ತಬೇಕಾದ ನೆಲಮಾಳಿಗೆಯ ಶೌಚಾಲಯಗಳಲ್ಲಿ ಮಾತ್ರ ಆ ನಿಷೇಧ ಸಲ್ಲುತ್ತದೆ.

ಬಹುಮಹಡಿಯ ಕಟ್ಟಡಗಳಲ್ಲಿ ತುತ್ತತುದಿಯ ಮನೆಯವರು ನಲ್ಲಿ ಸಣ್ಣಗಾದುದನ್ನು ಕಂಡು ಟ್ಯಾಂಕು ಬರಿದಾಯಿತೆಂದು ಭಾವಿಸುತ್ತಾರೆ. ನೀರಿನ ಒತ್ತಡ ಅದರ ಮೊತ್ತವನ್ನಲ್ಲ, ಎತ್ತರವನ್ನು ಅನುಸರಿಸುತ್ತದೆ. 10 ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮಿನಷ್ಟು ಒತ್ತುತ್ತದೆ. ಆದುದರಿಂದ ಟ್ಯಾಂಕಿನಿಂದ ಎರಡೇ ಮೀಟರು ಕೆಳಗಿರುವವರಿಗೆ ದೊರೆಯುವುದು ಅದರ ಐದನೆಯ ಒಂದು ಪಾಲು. ಆ ಕೊರತೆಯನ್ನು ನೀಗಲೆಂದು ಇಟ್ಟ ಒತ್ತಡದ ಪಂಪು ನಿಂತಿತಷ್ಟೇ. ನೀರು ಇದ್ದಲ್ಲಿಯೇ ಇದೆ.

ಗೀಸರಿನಲ್ಲಿ ಕಾದ ನೀರೂ ಕರೆಂಟು ಹೋದೊಡನೆ ಅಲಭ್ಯವಾಗುವುದಿಲ್ಲ. ಆದರೆ ಕೆಳಗಿನಿಂದ ತಣ್ಣೀರು ಒಳನುಗ್ಗಿದರಲ್ಲದೆ ಮೇಲಿನ ಬಿಸಿನೀರು ಹೊರಬೀಳದಾದ್ದರಿಂದ, ಮಾಳಿಗೆಯ ಟ್ಯಾಂಕು ಒಣಗಿದಾಗ ಗೀಸರು ತುಂಬಿದ್ದರೂ ನಲ್ಲಿ ಮೌನವಾಗಿರುತ್ತದೆ.

ಹಾಗಾದರೆ ‘ನಲ್ಲಿ ಮುಟ್ಟಬೇಡಿ’ ಎಂಬುದು ಕೇವಲ ಮೂಢೋಕ್ತಿಯೇ? ಅಲ್ಲ. ಸಿಡಿಲಿನ ಹೊತ್ತಿನಲ್ಲಿ ಮಿಂಚಿನ ಪ್ರವಾಹ ಲೋಹದ ಕೊಳವೆಗಳ ಮೂಲಕ ಹರಿದುಬರಬಹುದು. ಆದುದರಿಂದ ಆಗ ಸ್ನಾನ ಮಾಡುವುದೂ ಪಾತ್ರೆ ತೊಳೆಯುವುದೂ ನಿಜವಾಗಿಯೂ ಅಪಾಯಕರ. ಪ್ಲಾಸ್ಟಿಕ್ಕಿನ ಕೊಳವೆಗಳಲ್ಲಿ ಭಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ನಮ್ಮ ಕರಾವಳಿಯಲ್ಲಿ ಸಿಡಿಲೂ ಕತ್ತಲೆಯೂ ಜೊತೆಜೊತೆಯಾಗಿ ಬರುವುದರಿಂದ, ಒಂದರ ಎಚ್ಚರಿಕೆ ಇನ್ನೊಂದಕ್ಕೆ ಅಂಟಿಕೊಂಡಿರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಬಳಿಕ, ಕರೆಂಟು ಬಂದಿರಲಿ ಬಾರದಿರಲಿ, ನಿಶ್ಚಿಂತೆಯಿಂದ ಸ್ನಾನ ಮಾಡಬಹುದು.

ಕುಡಿಯುವ ನೀರಿನ ವಿಷಯ ಬೇರೆ. ವಿದ್ಯುತ್ತಿನ ಶೋಧಕಯಂತ್ರ ನಿಂತಾಗ ಬಾವಿಯ ನೀರನ್ನು ಸೋಸಿದರೆ ಸಾಕೆಂಬ ವಿಶ್ವಾಸ ಸಲ್ಲದು. ಮಳೆಗಾಲದಲ್ಲಿ ಮುರಕಲ್ಲಿನ ರಂಧ್ರಗಳ ಮೂಲಕ ಮೇಲಣ ಕೊಳೆ ಬೇಗನೆ ಒಳಗಿಳಿಯುವುದರಿಂದ, ಕೊತಕೊತನೆ ಕುದಿಸಿಯೇ ಕುಡಿಯಬೇಕು.

ಇನ್ನು ವಿದ್ಯುತ್ತು ಮರಳಿದ ಗಳಿಗೆ. ಮೋಟಾರು ಗುಂಯ್‌ಗುಟ್ಟಿಯೂ ನೀರು ಬಾರದಿದ್ದರೆ ಅದು ಸುಟ್ಟುಹೋಯಿತೆಂದು ಹಲವರು ನಿರ್ಣಯಿಸುತ್ತಾರೆ. ಬಾವಿಯ ದಡದಲ್ಲಿ ಕುಳಿತ ಪಂಪಾದರೆ, ಅದು ನಿಂತಿದ್ದ ಅವಧಿಯಲ್ಲಿ ಸವೆದ ಫುಟ್‌ವಾಲ್ವಿನಿಂದ ನೀರು ಸೋರಿ, ಕೊಳವೆಯೊಳಗೆ ಗಾಳಿ ಸೇರಿಕೊಂಡಿರುವುದೇ ಹೆಚ್ಚಾಗಿ ಕಾರಣ. ಒಣಗಿ ತಿರುಗಿದರೆ ಅದರ ಸೀಲು ಹಾಳಾಗುವುದರಿಂದ, ಕೂಡಲೇ ನಿಲ್ಲಿಸಿ, ಬಿರಡೆ ತೆಗೆದು, ಗಾಳಿಯ ಗುಳ್ಳೆಗಳು ನಿಲ್ಲುವವರೆಗೂ ನೀರು ತುಂಬಿ, ಮತ್ತೆ ಚಾಲೂ ಮಾಡತಕ್ಕದ್ದು.