ತೋಳಿನ ಬ್ಯಾಡ್ಜಿಗೆ ಪುಸ್ತಕದಲ್ಲೂ ಸಾಕ್ಷಿ ಇರಲಿ
ಊರು ಬದಲಿಸುವ ಮಕ್ಕಳ ಸ್ಕೌಟ್-ಗೈಡ್ ದಾಖಲೆ: ಹೊರನಾಡ ಪಾಲಕರಿಗೊಂದು ಕಿವಿಮಾತು

ಕಳಕ್ಕೂಟಂ: ಜೂನ್ ತಿಂಗಳು ಬಂತೆಂದರೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಟಿ.ಸಿ.ಯ ಚಿಂತೆ ಶುರು. ಮಂಗಳೂರು, ಕಾಸರಗೋಡು ಕಡೆಯಿಂದ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳಲ್ಲಿ ರಾತ್ರಿ ಕಳೆದು ತಿರುವನಂತಪುರಕ್ಕೆ ಬಂದಿಳಿಯುವ ಕುಟುಂಬಗಳ ಕೈಚೀಲದಲ್ಲಿ ಜನನ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್, ಲಸಿಕೆ ಕಾರ್ಡು ಎಲ್ಲವೂ ಭದ್ರವಾಗಿರುತ್ತವೆ. ಆದರೆ ಮಗ ಅಥವಾ ಮಗಳು ಹಳೆಯ ಶಾಲೆಯಲ್ಲಿ ಮೂರ್ನಾಲ್ಕು ವರ್ಷ ಸಮವಸ್ತ್ರ ತೊಟ್ಟು, ಬಿಸಿಲಲ್ಲಿ ಗಂಟು ಕಟ್ಟಲು ಕಲಿತು, ಶಿಬಿರದಲ್ಲಿ ಅನ್ನ ಬೇಯಿಸಿ ಗಳಿಸಿದ ಸ್ಕೌಟ್-ಗೈಡ್ ಸೋಪಾನಗಳ ದಾಖಲೆ ಆ ಚೀಲದಲ್ಲಿ ಇರುವುದು ಅಪರೂಪ. ಬ್ಯಾಡ್ಜು ಅಂಗಿಯ ತೋಳಿನಲ್ಲಿ ಇದೆಯಲ್ಲ, ಇನ್ನೇನು ಬೇಕು ಎಂಬ ಭಾವನೆ. ಆ ಬ್ಯಾಡ್ಜನ್ನು ಯಾರು, ಯಾವ ದಿನ, ಯಾವ ಪರೀಕ್ಷೆಯ ಮೇಲೆ ಕೊಟ್ಟರು ಎಂದು ಹೊಸ ಊರಿನ ಶಾಲೆ ಕೇಳಿದಾಗಲೇ ಪೇಚಾಟ ಆರಂಭವಾಗುವುದು.

ಕಳಕ್ಕೂಟಂ ಇಂಥ ವಲಸೆಯ ಊರು. 1962ರಲ್ಲಿ ಇಲ್ಲಿ ಸೈನಿಕ ಶಾಲೆ ಬಂತು. ಸಮೀಪದ ತುಂಬಾದಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. 1990ರಲ್ಲಿ ಟೆಕ್ನೋಪಾರ್ಕ್ ಆರಂಭವಾಯಿತು. ಪಳ್ಳಿಪ್ಪುರದಲ್ಲಿ ಸಿಆರ್‌ಪಿಎಫ್ ನೆಲೆ ಇದೆ, ಅದರ ಆವರಣದಲ್ಲೇ ಕೇಂದ್ರೀಯ ವಿದ್ಯಾಲಯವೂ ಇದೆ. ಇವೆಲ್ಲವೂ ವರ್ಗಾವಣೆಯ ನೌಕರಿಗಳ ತಾಣಗಳು. ಕೊಚ್ಚಿಯ ನೌಕಾನೆಲೆ, ಬಂದರು, ತೈಲ ಶುದ್ಧೀಕರಣ ಘಟಕಗಳ ಕಥೆಯೂ ಇದೇ. ಇಲ್ಲಿಗೆ ಬಂದ ಕನ್ನಡಿಗ ಕುಟುಂಬ ನಾಲ್ಕೈದು ವರ್ಷದಲ್ಲಿ ಮತ್ತೊಂದು ಊರಿಗೆ ಗಂಟುಮೂಟೆ ಕಟ್ಟುವುದು ಸಾಮಾನ್ಯ. ಸ್ಕೌಟ್ ಶಿಕ್ಷಣವಾದರೋ ವರ್ಷಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾದದ್ದು.

ಮೆಟ್ಟಿಲುಗಳ ಲೆಕ್ಕ

ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಆರಂಭವಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಾಯೋಗಿಕ ಶಿಬಿರ ನಡೆಸಿ ಆಗ ಎರಡೇ ವರ್ಷವಾಗಿತ್ತು. ಮೊದಮೊದಲು ಈ ಸಂಸ್ಥೆ ಬ್ರಿಟಿಷ್ ಹಾಗೂ ಆಂಗ್ಲೋ-ಇಂಡಿಯನ್ ಬಾಲಕರಿಗಷ್ಟೇ ಮೀಸಲಾಗಿತ್ತು. ಭಾರತೀಯ ಮಕ್ಕಳಿಗಾಗಿ ಆನಿ ಬೆಸೆಂಟ್ 1917ರಲ್ಲಿ ಬೇರೆಯೇ ಸಂಸ್ಥೆ ಕಟ್ಟಿದರು. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಹಲವು ಸ್ಕೌಟ್ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತು. 1951ರ ಆಗಸ್ಟ್ 15ರಂದು ಗೈಡ್ಸ್ ಕೂಡ ಅದನ್ನು ಸೇರಿಕೊಂಡಿತು.

ಈ ಸಂಸ್ಥೆಯಲ್ಲಿ ಸ್ಕೌಟ್ ಅಥವಾ ಗೈಡ್ ಆಗಿ ಸೇರಿದ ಮಗು ಮೊದಲು ಪ್ರವೇಶ ಪಡೆಯಬೇಕು. ಅನಂತರ ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ. ಅದರ ಮೇಲೆ ರಾಜ್ಯ ಪುರಸ್ಕಾರ, ಕೊನೆಯಲ್ಲಿ ರಾಷ್ಟ್ರಪತಿ ಪುರಸ್ಕಾರ. ನಡುನಡುವೆ ಅಡುಗೆ, ಸೈಕಲ್ ಸವಾರಿ, ಪ್ರಥಮ ಚಿಕಿತ್ಸೆ ಮುಂತಾದ ಪ್ರಾವೀಣ್ಯ ಬ್ಯಾಡ್ಜುಗಳನ್ನೂ ಗಳಿಸಬೇಕು.

ಇಲ್ಲಿ ಪಾಲಕರು ಗಮನಿಸಬೇಕಾದ ಎರಡು ಮಾತುಗಳಿವೆ. ಒಂದು, ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಹೋಗುವ ಮೊದಲು ಕನಿಷ್ಠ ಇಷ್ಟು ತಿಂಗಳು ಸೇವೆ ಸಲ್ಲಿಸಿರಬೇಕೆಂಬ ನಿಯಮವಿದೆ. ಆ ತಿಂಗಳುಗಳನ್ನು ಎಣಿಸುವುದು ಹಿಂದಿನ ಬ್ಯಾಡ್ಜು ದೊರೆತ ದಿನಾಂಕದಿಂದ. ದಿನಾಂಕಕ್ಕೆ ಸಾಕ್ಷಿಯಿಲ್ಲದಿದ್ದರೆ ಲೆಕ್ಕವನ್ನು ಎಲ್ಲಿಂದ ಹಿಡಿಯುವುದು? ಎರಡು, ಮೆಟ್ಟಿಲು ಮೇಲೇರಿದಂತೆ ಪರೀಕ್ಷೆಯ ಹೊಣೆಯೂ ಶಾಲೆಯ ಘಟಕದಿಂದ ಸ್ಥಳೀಯ ಸಂಸ್ಥೆಗೆ, ಜಿಲ್ಲಾ ಸಂಸ್ಥೆಗೆ, ರಾಜ್ಯ ಸಂಸ್ಥೆಗೆ, ಕೊನೆಗೆ ರಾಷ್ಟ್ರೀಯ ಕೇಂದ್ರಕ್ಕೆ ಹೋಗುತ್ತದೆ. ಹೀಗಾಗಿ ಒಂದೇ ಮಗುವಿನ ದಾಖಲೆ ನಾಲ್ಕೈದು ಕಡೆ ಹಂಚಿಹೋಗಿರುತ್ತದೆ. ಮೇಲಿನ ಹಂತದ ದಾಖಲೆ ದೊಡ್ಡ ಕಚೇರಿಯಲ್ಲಿ ಸಿಕ್ಕೀತು. ಕೆಳಗಿನ ಹಂತದ್ದು ಶಾಲೆಯ ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಅವರ ಮೇಜಿನ ಖಾನೆಯಲ್ಲಿರುವ ರಿಜಿಸ್ಟರಿನಲ್ಲಿ ಮಾತ್ರ. ಆ ಶಿಕ್ಷಕರು ವರ್ಗವಾಗಿ ಹೋದರೆ, ನಿವೃತ್ತರಾದರೆ, ಶಾಲೆಯಲ್ಲಿ ದಳವೇ ನಿಂತುಹೋದರೆ ಹುಡುಕುವುದು ಯಾರನ್ನು?

ಕಳೆದುಕೊಳ್ಳುವುದೇನು?

ಒಂದು ಬ್ಯಾಡ್ಜಿನ ಚೀಟಿಗೆ ಇಷ್ಟೆಲ್ಲ ಗಲಾಟೆಯೇ ಎಂದು ಕೇಳುವವರಿದ್ದಾರೆ. ಕೇರಳದ ರಾಜ್ಯ ಪಠ್ಯಕ್ರಮದಲ್ಲಿ ಓದುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಮತ್ತು ಹೈಯರ್ ಸೆಕೆಂಡರಿ ಪರೀಕ್ಷೆಗಳಲ್ಲಿ ಸ್ಕೌಟ್-ಗೈಡ್ ಸಾಧನೆಗಾಗಿ ಕೃಪಾಂಕ ಕೊಡುವ ಪದ್ಧತಿ ಇದೆ. ಅಂಕಗಳ ಪ್ರಮಾಣ, ನಿಯಮಗಳು ಬದಲಾಗುತ್ತ ಬಂದಿವೆ. ಕೊರೋನಾ ಕಾಲದ 2021ರಲ್ಲಿ ಕೃಪಾಂಕವನ್ನೇ ಕೊಡಲಿಲ್ಲ. ಆದರೂ ರಾಜ್ಯ ಪುರಸ್ಕಾರದ ಪರೀಕ್ಷೆಗೆ ಕುಳಿತುಕೊಳ್ಳಲು ತೃತೀಯ ಸೋಪಾನದ ದಾಖಲೆ ಬೇಕೇ ಬೇಕು. ಒಂಬತ್ತನೇ ತರಗತಿಗೆ ಇಲ್ಲಿಗೆ ಬಂದ ಹುಡುಗಿಯ ಬಳಿ ಆ ಕಾಗದ ಇಲ್ಲವೆಂದಾದರೆ ಹಿಂದಿನ ಮೆಟ್ಟಿಲನ್ನು ಮತ್ತೆ ಹತ್ತಲು ಹತ್ತನೇ ತರಗತಿಯ ಗಡಿಬಿಡಿಯಲ್ಲಿ ಸಮಯ ಎಲ್ಲಿದೆ?

ಮುಂದಿನ ದಿನಗಳಿಗೂ ಇದು ಬೇಕು. ಭಾರತೀಯ ರೈಲ್ವೆಯಲ್ಲಿ ಸ್ಕೌಟ್ಸ್-ಗೈಡ್ಸ್ ಕೋಟಾದಡಿ ನೇಮಕಾತಿ ನಡೆಯುತ್ತ ಬಂದಿದೆ. ಅದಕ್ಕೆ ರಾಷ್ಟ್ರಪತಿ ಪುರಸ್ಕಾರ ಅಥವಾ ಹಿಮಾಲಯ ವುಡ್ ಬ್ಯಾಡ್ಜ್ ಇದ್ದರಷ್ಟೇ ಸಾಲದು. ಕನಿಷ್ಠ ಐದು ವರ್ಷ ಸಕ್ರಿಯ ಸದಸ್ಯನಾಗಿದ್ದುದಕ್ಕೆ, ರಾಷ್ಟ್ರಮಟ್ಟದ ಎರಡು ಹಾಗೂ ರಾಜ್ಯಮಟ್ಟದ ಎರಡು ಕಾರ್ಯಕ್ರಮಗಳಲ್ಲಿ ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಕೇಳುತ್ತಾರೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯ ಆಳ್ವಾಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಲ್ಲಿ ಸಹಸ್ರಾರು ಮಕ್ಕಳು ಪಾಲ್ಗೊಂಡರು. ಅಲ್ಲಿ ಸಿಕ್ಕಿದ ಪ್ರಮಾಣಪತ್ರ ಇಂದು ಎಷ್ಟು ಮನೆಗಳಲ್ಲಿ ಕೈಗೆಟಕುವಂತಿದೆ ಎಂದು ಪಾಲಕರು ಒಮ್ಮೆ ಕಪಾಟು ತೆರೆದು ನೋಡಿಕೊಳ್ಳುವುದು ಒಳ್ಳೆಯದು.

2018ರ ಆಗಸ್ಟ್ ತಿಂಗಳ ಮಹಾಪ್ರಳಯ ಈ ವಿಷಯದಲ್ಲಿ ಕೇರಳಕ್ಕೆ ದೊಡ್ಡ ಪಾಠ ಕಲಿಸಿತು. ಆಲುವಾ, ಪರವೂರು, ಚೆಂಗನ್ನೂರು ಕಡೆ ಮನೆ ಮನೆಯ ಕಾಗದಪತ್ರಗಳು ಕೆಸರಾದವು. ಸರಕಾರ ಅದಾಲತ್ ನಡೆಸಿ ಪ್ರಮಾಣಪತ್ರಗಳನ್ನು ಮತ್ತೆ ಕೊಟ್ಟಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮರಳಿ ಸಿಗಲು ಕಾರಣ, ಅದರ ಮೂಲ ದಾಖಲೆ ತಿರುವನಂತಪುರದ ಪರೀಕ್ಷಾ ಭವನದಲ್ಲಿತ್ತು. ಮನೆಯ ಪ್ರತಿಯೂ ಶಾಲೆಯ ರಿಜಿಸ್ಟರೂ ಒಂದೇ ನೀರಿನಲ್ಲಿ ಮುಳುಗಿದ್ದರೆ ದ್ವಿತೀಯ ಸೋಪಾನಕ್ಕೆ ಅಂಥ ಮೂರನೆಯ ಜಾಗ ಎಲ್ಲಿದೆ?

ಯಾವ ಶಾಲೆಯಿಂದ ಯಾವ ಶಾಲೆಗೆ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಿಂದ ಕಳಕ್ಕೂಟಂನ ಸರಕಾರಿ ಶಾಲೆಗೆ ಬಂದ ಮಗು ಕೇರಳ ರಾಜ್ಯ ಸಂಸ್ಥೆಯೊಳಗೇ ಇರುತ್ತದೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಸ್ಥಳೀಯ ಸಂಸ್ಥೆಗೆ ಒಂದು ಪತ್ರ ಬರೆದರೆ ದಾಖಲೆ ತರಿಸಿಕೊಳ್ಳುವ ದಾರಿಯಿದೆ. ಮಂಗಳೂರಿನ ಶಾಲೆಯಿಂದ ಬಂದರೆ ರಾಜ್ಯ ಸಂಸ್ಥೆಯೇ ಬದಲಾಗುತ್ತದೆ. ಕೇಂದ್ರೀಯ ವಿದ್ಯಾಲಯ ಸಂಘಟನೆಯದು ಇನ್ನೊಂದು ಬಗೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಅದಕ್ಕೆ ಒಂದು ರಾಜ್ಯದ ಸ್ಥಾನವೇ ಇದೆ, ನವೋದಯ ವಿದ್ಯಾಲಯಗಳಿಗೂ ರೈಲ್ವೆ ವಲಯಗಳಿಗೂ ಹಾಗೆಯೇ. ಆದ್ದರಿಂದ ಕೊಚ್ಚಿ ನೌಕಾನೆಲೆಯ ಕೇಂದ್ರೀಯ ವಿದ್ಯಾಲಯದಿಂದ ಪಳ್ಳಿಪ್ಪುರದ ಕೇಂದ್ರೀಯ ವಿದ್ಯಾಲಯಕ್ಕೆ ಬರುವುದು ಸುಲಭ. ಅಲ್ಲಿಂದ ಪಕ್ಕದ ರಸ್ತೆಯ ಸರಕಾರಿ ಶಾಲೆಗೆ ಸೇರಿದರೆ, ನಡೆದು ಹೋಗುವ ದೂರವಾದರೂ, ಸ್ಕೌಟ್ ಲೆಕ್ಕದಲ್ಲಿ ರಾಜ್ಯ ದಾಟಿದಂತೆ!

ಸಂಸ್ಥೆ ಈಗ ಸದಸ್ಯರ ನೋಂದಣಿಯನ್ನು ಕಂಪ್ಯೂಟರಿಗೆ ತಂದಿದೆ, ಪ್ರತಿ ಸದಸ್ಯನಿಗೂ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆ ಬಂದಿದೆ. ಇದು ಸ್ವಾಗತಾರ್ಹ. ಆದರೆ ಕಂಪ್ಯೂಟರು ತಾನಾಗಿ ಏನನ್ನೂ ಅರಿಯದು. ಶಾಲೆಯವರು ತುಂಬಿಸಿದ್ದಷ್ಟೇ ಅದರಲ್ಲಿ ಇರುತ್ತದೆ. ಆ ಸಂಖ್ಯೆ ಪಾಲಕರ ಬಳಿಯೂ ಇರಲಿ.

ಹೆಸರಿನ ಗೋಜಲು

ನಮ್ಮವರನ್ನು ಹೆಚ್ಚು ಕಾಡುವುದು ಹೆಸರು. ಕರ್ನಾಟಕದಲ್ಲಿ ಇನಿಷಿಯಲ್ ಮುಂದೆ ಬರುತ್ತದೆ, ಕೇರಳದ ಶಾಲೆಗಳಲ್ಲಿ ಹೆಸರಿನ ಹಿಂದೆ ಬರುವುದೇ ರೂಢಿ. ಊರಿನ ಪ್ರಮಾಣಪತ್ರದಲ್ಲಿ ಶೆಟ್ಟಿ, ಭಟ್, ಪೂಜಾರಿ ಎಂದಿದ್ದುದು ಇಲ್ಲಿ ಒಂದೇ ಅಕ್ಷರವಾಗಿ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಒಂದೇ ಹೆಸರಿಗೆ ಒಂದು ಕಡೆ ಟಿ ಹಾಕಿದರೆ ಇನ್ನೊಂದು ಕಡೆ ಟಿ ಎಚ್ ಹಾಕುತ್ತಾರೆ. ನಾವು ಕಳಕ್ಕೂಟಂ ಎಂದು ಸಲೀಸಾಗಿ ಬರೆಯುವ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಝಡ್ ಎಚ್ ಇಟ್ಟು ಬರೆಯುತ್ತಾರೆ, ಇನ್ನು ಮಕ್ಕಳ ಹೆಸರಿನ ಪಾಡೇನು! ಸೋಪಾನದ ಪ್ರಮಾಣಪತ್ರದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಅದು ಬೇರೆ ಮಗುವಿನದು ಎಂದು ಪರಿಶೀಲಿಸುವವರು ತಳ್ಳಿಬಿಟ್ಟರೆ ಅವರನ್ನು ದೂರುವಂತಿಲ್ಲ. ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಎಲ್ಲ ಕಡೆ ಬರೆಸುವುದು, ಪ್ರಮಾಣಪತ್ರ ಕೈಗೆ ಬಂದ ದಿನವೇ ಓದಿ ನೋಡಿ ತಿದ್ದಿಸಿಕೊಳ್ಳುವುದು ಕ್ಷೇಮ.

ಮೂರು ಕಡೆ ಮೂರು ಪ್ರತಿ

ಅಮೆರಿಕಾದ ಸ್ಕೌಟ್ ಸಂಸ್ಥೆಯಲ್ಲಿ ನೀಲಿ ಕಾರ್ಡು ಎಂಬ ಸರಳ ಉಪಾಯವೊಂದು ಬಹುಕಾಲದಿಂದ ಇದೆ. ಒಂದು ಬ್ಯಾಡ್ಜಿಗೆ ಒಂದು ಕಾರ್ಡು, ಅದರಲ್ಲಿ ಮೂರು ಭಾಗ. ಒಂದು ದಳಕ್ಕೆ, ಒಂದು ಪರೀಕ್ಷಿಸಿದ ಮಾರ್ಗದರ್ಶಕರಿಗೆ, ಒಂದು ಹುಡುಗನಿಗೆ. ಅಲ್ಲಿ ಅತ್ಯುನ್ನತವಾದ ಈಗಲ್ ಸ್ಕೌಟ್ ಪದವಿಗೆ 21 ಮೆರಿಟ್ ಬ್ಯಾಡ್ಜುಗಳು ಬೇಕು. ಒಂದೆಡೆ ದಾಖಲೆ ಹೋದರೂ ಉಳಿದೆರಡು ಕಡೆ ಸಾಕ್ಷಿ ಸಿಗುತ್ತದೆ. ಈಗ ಅಲ್ಲಿಯೂ ಕಂಪ್ಯೂಟರ್ ದಾಖಲೆ ಬಂದಿದೆಯಾದರೂ ಮೂಲ ತತ್ತ್ವ ಅದೇ: ಒಂದೇ ಬುಟ್ಟಿಯಲ್ಲಿ ಎಲ್ಲವನ್ನೂ ಇಡಬಾರದು.

ನಮ್ಮಲ್ಲಿಯೂ ಇದನ್ನು ಖರ್ಚಿಲ್ಲದೆ ಮಾಡಬಹುದು. ಪ್ರತಿ ಸ್ಕೌಟ್ ತನ್ನ ಲಾಗ್ ಪುಸ್ತಕ ಬರೆಯಬೇಕೆಂಬ ನಿಯಮ ಇದ್ದೇ ಇದೆ. ಅದರ ಮೊದಲ ಎರಡು ಪುಟಗಳನ್ನು ಬರೀ ಪಟ್ಟಿಗಾಗಿ ಬಿಡಲಿ. ಬ್ಯಾಡ್ಜಿನ ಹೆಸರು, ಪರೀಕ್ಷೆ ನಡೆದ ದಿನ, ಸ್ಥಳ, ಪರೀಕ್ಷಿಸಿದವರ ಸಹಿ, ಪ್ರಮಾಣಪತ್ರದ ಸಂಖ್ಯೆ, ಇಷ್ಟು ಸಾಕು. ಅದೇ ವಿವರ ದಳದ ರಿಜಿಸ್ಟರಿನಲ್ಲಿ ಇರಲಿ. ಮೂರನೆಯದಾಗಿ ಪ್ರಮಾಣಪತ್ರದ ಝೆರಾಕ್ಸ್ ಪ್ರತಿ ಮತ್ತು ಫೋಟೋ ಮನೆಯಲ್ಲಿ ಇರಲಿ, ಊರಿನ ಅಜ್ಜಿ ಮನೆಯಲ್ಲಿ ಒಂದು ಪ್ರತಿ ಇದ್ದರಂತೂ ಇನ್ನೂ ಒಳ್ಳೆಯದು. ಬ್ಯಾಡ್ಜು ಸಿಕ್ಕ ವಾರದಲ್ಲೇ ಬರೆದುಬಿಡಬೇಕು. ವರ್ಷದ ಕೊನೆಗೆ ನೆನಪಿನಿಂದ ತುಂಬಿಸಿದ ರಿಜಿಸ್ಟರಿಗೆ ಬೆಲೆಯಿಲ್ಲ.

ಟಿ.ಸಿ. ಕೇಳುವ ದಿನವೇ ಸ್ಕೌಟ್ ಮಾಸ್ಟರರನ್ನೂ ಕಂಡು, ಸೇರಿದ ದಿನ, ಪಡೆದ ಸೋಪಾನಗಳು, ಭಾಗವಹಿಸಿದ ಶಿಬಿರಗಳು ಇಷ್ಟನ್ನು ಶಾಲೆಯ ಮುದ್ರೆಯೊಂದಿಗೆ ಬರೆಸಿಕೊಳ್ಳಿ. ಊರು ಬಿಟ್ಟ ಮೇಲೆ ಫೋನಿನಲ್ಲಿ ಅಂಗಲಾಚುವುದಕ್ಕಿಂತ ಅರ್ಧ ತಾಸು ಕಾಯುವುದು ಮೇಲು.

ಇದೆಲ್ಲವನ್ನೂ ಶಿಕ್ಷಕರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಪಾಠ, ಪರೀಕ್ಷೆ, ಚುನಾವಣಾ ಕೆಲಸಗಳ ನಡುವೆ ದಳ ನಡೆಸುವ ಶಿಕ್ಷಕರ ಸೇವೆ ಶ್ಲಾಘನೀಯ. ಸ್ಕೌಟ್ ಪದ್ಧತಿಯಲ್ಲಿ ಪೆಟ್ರೋಲ್ ಲೀಡರನಿಗೆ ತನ್ನ ತಂಡದ ಹೊಣೆ ಇದೆ. ಆರೇಳು ಮಕ್ಕಳ ಪಟ್ಟಿಯನ್ನು ಆತನೇ ಬರೆಯಲಿ, ಶಿಕ್ಷಕರು ತಿಂಗಳಿಗೊಮ್ಮೆ ನೋಡಿ ಸಹಿ ಹಾಕಲಿ. ಹದಿಮೂರು ವರ್ಷದ ಹುಡುಗ ಇನ್ನೊಬ್ಬರ ಶ್ರಮದ ಲೆಕ್ಕವನ್ನು ತಪ್ಪಿಲ್ಲದೆ ಇಡಲು ಕಲಿಯುವುದು ಯಾವ ಪ್ರಾವೀಣ್ಯ ಬ್ಯಾಡ್ಜಿಗಿಂತ ಕಡಿಮೆ?

ಸುಳ್ಳು ಲೆಕ್ಕ ಬೇಡ

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಲೇಖನ ಅಪೂರ್ಣ. ಕೃಪಾಂಕದ ಆಸೆಗೆ ಪಾಲಕರೇ "ಹೇಗಾದರೂ ಬರೆದುಕೊಡಿ ಸಾರ್" ಎಂದು ಶಿಕ್ಷಕರ ಮೇಲೆ ಒತ್ತಡ ಹೇರುವುದುಂಟು. ಹತ್ತದ ಮೆಟ್ಟಿಲನ್ನು ಹತ್ತಿದೆನೆಂದು ಬರೆಸಿಕೊಂಡ ಮಗು ಮುಂದಿನ ಪರೀಕ್ಷಾ ಶಿಬಿರದಲ್ಲಿ ಹಗ್ಗ ಹಿಡಿದು ತಬ್ಬಿಬ್ಬಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಪ್ರಾಮಾಣಿಕವಾಗಿ ದುಡಿದ ಮಗುವಿನ ಪುಸ್ತಕವನ್ನೂ ಪರೀಕ್ಷಕರು ಸಂಶಯದಿಂದ ನೋಡತೊಡಗುತ್ತಾರೆ. ದಾಖಲೆ ಸರಿಯಾಗಿರಲಿ ಎಂದು ಕೇಳುವ ಹಕ್ಕು ನಮಗಿರುವುದು ಅದು ಸತ್ಯವಾಗಿರುವವರೆಗೆ ಮಾತ್ರ.

ಹೊರನಾಡಿನ ಕನ್ನಡ ಸಂಘಗಳು ವರ್ಷವರ್ಷವೂ ಪ್ರತಿಭಾ ಪುರಸ್ಕಾರ ಏರ್ಪಡಿಸಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸುತ್ತವೆ. ಅದೇ ಅರ್ಜಿಯಲ್ಲಿ ಸ್ಕೌಟ್, ಗೈಡ್, ಎನ್‌ಸಿಸಿ ಸಾಧನೆಗೂ ಒಂದು ಸಾಲು ಸೇರಿಸಿದರೆ, ಆ ನೆಪದಲ್ಲಾದರೂ ಮನೆಮನೆಯ ಕಾಗದಗಳು ಹೊರಬಂದಾವು. ಸಂಘದ ಹಿರಿಯರಲ್ಲಿ ನಿವೃತ್ತ ಶಿಕ್ಷಕರು, ಕಚೇರಿ ವ್ಯವಹಾರ ಬಲ್ಲವರು ಇದ್ದೇ ಇರುತ್ತಾರೆ. ಮಲಯಾಳ ಓದಲು ಬಾರದ ಹೊಸ ಕುಟುಂಬಕ್ಕೆ ಜಿಲ್ಲಾ ಸಂಸ್ಥೆಗೆ ಒಂದು ಅರ್ಜಿ ಬರೆದುಕೊಡುವುದು ಅವರಿಗೆ ಅರ್ಧ ದಿನದ ಕೆಲಸ. ಆ ಮಗುವಿಗೆ ಅದು ಎರಡು ವರ್ಷದ ದುಡಿಮೆ ಉಳಿಸಿಕೊಟ್ಟಂತೆ. ಈ ಜೂನ್‌ಗೆ ಮೊದಲೇ ನಮ್ಮ ಸಂಘಗಳು ಇತ್ತ ಗಮನ ಹರಿಸಲಿ.